ಹುಂಜಕ್ಕೊಂದು ಆಸ್ಪತ್ರೆ ಚೀಟಿ

ನರಸಿಂಹರಾಜಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಬೀಬಮ್ಮನವರ ಕೈಯಲ್ಲಿ ರವಿಕೆ ಹೊಲಿಸದ ಮನೆಗಳು ಕಡಿಮೆ. ಅಳತೆಗೆಂದು ಯಾರಾದರೂ ಹಳೆಯ ರವಿಕೆ ತಂದುಕೊಟ್ಟರೆ, ಅದನ್ನು ಮಡಚಿ ಪಕ್ಕಕ್ಕಿಟ್ಟು, ತಾವೇ ಟೇಪು ಹಿಡಿದು ಅಳೆಯುವುದು ಅವರ ಪದ್ಧತಿ. ಯಾರು ಏನೇ ಹೇಳಲಿ, ತಾನು ಮುಟ್ಟಿ ನೋಡದೆ ಒಪ್ಪುವ ಜೀವವೇ ಅಲ್ಲ ಅದು. ಗಂಡ ಸುಲೈಮಾನ್ ಸಾಹೇಬರು ಮೂವತ್ತೈದು ವರ್ಷ ಜೊತೆಯಲ್ಲಿ ಬಾಳಿ, ವಾದ ಮಾಡುವುದನ್ನು ಎಂದೋ ಬಿಟ್ಟಿದ್ದರು.

ಮನೆಯ ಹಿತ್ತಲಿನಲ್ಲಿ ಹನ್ನೊಂದು ನಾಟಿ ಹೇಂಟೆಗಳು, ಒಂದು ಹುಂಜ. ಕೆಂಪು ಕತ್ತು, ಕಪ್ಪು ಬಾಲದ ಆ ಹುಂಜಕ್ಕೆ ಅದರ ನಡಿಗೆ ನೋಡಿ ಜಮಾದಾರ ಎಂದು ಹೆಸರಿಟ್ಟಿದ್ದರು. ಕೊಪ್ಪ, ಹಿರೇಕೊಡಿಗೆ ಕಡೆಯವರು ಕೂಡ ಕಾವಿಗೆ ಕೂರಿಸುವ ಮೊಟ್ಟೆ ಬೇಕೆಂದು ಇಲ್ಲಿಗೇ ಬರುತ್ತಿದ್ದರು. ಇಲ್ಲಿಯ ಮೊಟ್ಟೆ ಇಟ್ಟರೆ ಒಂದೂ ಹುಸಿಯಾಗುವುದಿಲ್ಲ ಎಂಬ ಮಾತಿತ್ತು. ಆ ಹೆಸರೆಲ್ಲ ಜಮಾದಾರನದೇ ಎಂದು ಹಬೀಬಮ್ಮ ಹೇಳುತ್ತಿದ್ದರು.

ಈ ವರ್ಷ ರಂಜಾನ್ ಹಬ್ಬ ಕಳೆದ ವಾರದಲ್ಲಿ ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಹೇಂಟೆಗಳೆಲ್ಲ ಹೊರಗೆ ಓಡಿದವು. ಜಮಾದಾರ ಮಾತ್ರ ಮೂಲೆಯಲ್ಲಿಯೇ ನಿಂತಿತ್ತು. ಮೈಯ ಗರಿಯೆಲ್ಲ ಉಬ್ಬಿಕೊಂಡು, ಕಣ್ಣು ಅರೆಮುಚ್ಚಿ, ಆಗಾಗ ಕತ್ತನ್ನು ಮುಂದಕ್ಕೆ ಚಾಚಿ ಬಾಯಿ ಬಿಡುತ್ತಿತ್ತು. ಹಿಂದಿನ ಮಧ್ಯಾಹ್ನದಿಂದಲೂ ಅದು ಮೇವಿಗೆ ಬಾಯಿ ಹಾಕಿರಲಿಲ್ಲ.

ಮೈದುನ ಇಸ್ರಾರನಿಗೆ ಪೇಟೆಯಲ್ಲಿ ಕೋಳಿ ಅಂಗಡಿ. ಅಂಗಡಿಗೆ ಹೋಗುವ ದಾರಿಯಲ್ಲಿ ಬಂದವನು ಹಿತ್ತಲ ಬಾಗಿಲಲ್ಲಿ ನಿಂತೇ ತೀರ್ಪು ಕೊಟ್ಟ: ಇದು ಕೊಕ್ಕರೆ ರೋಗ, ಇವತ್ತು ಇದು, ನಾಳೆ ಉಳಿದ ಹನ್ನೊಂದು. ಜೀವ ಇರುವಾಗಲೇ ಕತ್ತಿ ಹಾಕಿದರೆ ಹಲಾಲ್. ತಾನಾಗಿ ಸತ್ತರೆ ಯಾರೂ ತಿನ್ನುವಂತಿಲ್ಲ, ಗುಂಡಿ ತೋಡಿ ಹೂಳಬೇಕು. ಇದನ್ನು ಈಗಲೇ ಕೊಯ್ದುಬಿಡುವುದು, ಹೇಂಟೆಗಳನ್ನು ಸಂಜೆ ಅಂಗಡಿಗೆ ಒಯ್ಯುವುದು ಎಂದು ಅವನೇ ನಿರ್ಧರಿಸಿಯೂ ಬಿಟ್ಟ. ಸುಲೈಮಾನ್ ಸಾಹೇಬರು ಕತ್ತಿ ತರಲು ಒಳಗೆ ಹೋದರು. ಸುತ್ತಿನ ಮನೆಗಳಲ್ಲೆಲ್ಲ ನಡೆಯುವುದು ಹೀಗೆಯೇ. ಕೋಳಿ ತೂಕಡಿಸಿದರೆ ಮೊದಲು ಹುಡುಕುವುದು ಕತ್ತಿಯನ್ನು; ಕಾಯಿಲೆ ಯಾವುದೆಂದು ಆಮೇಲೂ ಯಾರೂ ಕೇಳುವುದಿಲ್ಲ.

ಹಬೀಬಮ್ಮ ಹುಂಜವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು.

"ಒಂದು ಮಾತು ಹೇಳು ಇಸ್ರಾರ್. ಇದು ಕೊಕ್ಕರೆ ರೋಗ ಆದ್ರೆ ಉಳಿದ ಹೇಂಟೆಗಳ್ನ ಜನಕ್ಕೆ ಹೆಂಗೆ ಮಾರ್ತೀಯ? ಅಲ್ಲ ಅಂದ್ರೆ ನಾನು ಯಾಕೆ ಕೊಯ್ಯಬೇಕು?"

"ಇಪ್ಪತ್ತು ವರ್ಷದಿಂದ ಕೋಳಿ ನೋಡ್ತಿದ್ದೀನಿ ಭಾಬಿ."

"ನೀನು ನೋಡಿದ್ದು ತಕ್ಕಡಿ ಮೇಲೆ."

ಇಸ್ರಾರನ ಮುಖ ಸಣ್ಣದಾಯಿತು. ಸಂಜೆ ಬರುತ್ತೇನೆ, ಅಷ್ಟರಲ್ಲಿ ಸತ್ತರೆ ತನ್ನನ್ನು ದೂರಬಾರದು ಎಂದು ಹೇಳಿ ಹೊರಟುಹೋದ.

ಹಬೀಬಮ್ಮ ಹುಂಜದ ಕೊಕ್ಕು ಬಿಡಿಸಿ ಬೆಳಕಿಗೆ ಹಿಡಿದು ನೋಡಿದರು, ಕಫವಿರಲಿಲ್ಲ. ಎದೆಗೆ ಕಿವಿಯಿಟ್ಟರು, ಗೊರಗೊರ ಸದ್ದಿರಲಿಲ್ಲ. ಹಿಕ್ಕೆ ಹಸಿರಾಗಿರಲಿಲ್ಲ, ಕತ್ತು ತಿರುಚಿರಲಿಲ್ಲ, ಹೇಂಟೆಗಳೆಲ್ಲ ಚುರುಕಾಗಿ ಕೆದಕುತ್ತಿದ್ದವು. ಕೊನೆಗೆ ಕೊರಳ ಬುಡದ ಮೇವಿನ ಚೀಲಕ್ಕೆ ಬೆರಳು ತಾಗಿದಾಗ ಕೈ ಅಲ್ಲಿಯೇ ನಿಂತಿತು. ಅದು ಗಜನಿಂಬೆಯಷ್ಟು ದಪ್ಪಗೆ, ಗಟ್ಟಿಯಾಗಿತ್ತು. ರಾತ್ರಿ ಕಳೆದ ಮೇಲೆ ಕೋಳಿಯ ಮೇವಿನ ಚೀಲ ಬರಿದಾಗಿರಬೇಕೆಂದು ಅವರ ತಾಯಿ ಹೇಳಿಕೊಟ್ಟಿದ್ದರು. ಆ ಪುಣ್ಯಾತ್ಗಿತ್ತಿ ಬೆಳಿಗ್ಗೆ ಒಂದೊಂದೇ ಕೋಳಿಯನ್ನು ಎತ್ತಿ, ಕೊರಳು ಸವರಿ ಕೆಳಗಿಳಿಸುತ್ತಿದ್ದುದು ಹಬೀಬಮ್ಮನ ಕಣ್ಣಿಗೆ ಕಟ್ಟಿದಂತಿತ್ತು. ನಿನ್ನೆಯಿಂದ ಏನೂ ತಿನ್ನದ ಹುಂಜದ ಚೀಲ ತುಂಬಿದೆಯೆಂದರೆ, ಒಳಗೆ ಏನೋ ಸಿಕ್ಕಿಕೊಂಡಿದೆ, ರೋಗವಲ್ಲ.

ಹುಂಜವನ್ನು ಬೇರೆ ಬುಟ್ಟಿಯಲ್ಲಿ ಇರಿಸಿ, ಕೊಕ್ಕಿನ ಅಂಚಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಚೀಲವನ್ನು ಮೆಲ್ಲಗೆ ನೀವಿದರು. ತಲೆಕೆಳಗಾಗಿ ಹಿಡಿದು ಕೊಡವಿದರೆ ಬಿದ್ದುಹೋಗುತ್ತದೆ ಎಂದು ಗಂಡ ಸೂಚಿಸಿದ್ದನ್ನು ಕೇಳಿಸಿಕೊಳ್ಳಲಿಲ್ಲ. ಹನ್ನೊಂದು ಗಂಟೆಯಾದರೂ ಗಡ್ಡೆ ಕರಗಲಿಲ್ಲ. ಬುಟ್ಟಿಗೆ ದುಪಟ್ಟಾ ಮುಚ್ಚಿ, ಪಶು ಆಸ್ಪತ್ರೆಗೆ ನಡೆದರು.

ಅಲ್ಲಿ ಚೀಟಿ ಬರೆಯುವ ದೇವರಾಜ ಪೆನ್ನು ಎತ್ತಿ ಹಿಡಿದವನು ಹಾಗೆಯೇ ಕುಳಿತ.

"ಅಲ್ಲ ಹಬೀಬಮ್ಮ, ದನಕ್ಕೆ ಬರೀತೀನಿ, ನಾಯಿಗೆ ಬರೀತೀನಿ. ಹುಂಜಕ್ಕೆ ಎಂತ ಬರೀಲಿ ಮಾರಾಯ್ತಿ?"

"ಹೆಸರು ಜಮಾದಾರ. ವಯಸ್ಸು ಎರಡು. ಗಂಟಲು ಕಟ್ಟಿದೆ. ಬರಿ."

ನಾಯಿ ಹಿಡಿದುಕೊಂಡು ಬೆಂಚಿನಲ್ಲಿ ಕುಳಿತಿದ್ದ ರಾಜಶೇಖರ್ ಎಂಬವರು, ಇದಕ್ಕೆ ಮಸಾಲೆ ಅರೆದರೆ ಸಾಕಿತ್ತು, ಔಷಧ ಯಾಕೆ ಎಂದು ನಕ್ಕರು. ನಿಮ್ಮ ನಾಯಿಗೆ ಡಾಕ್ಟರು, ನನ್ನ ಹುಂಜಕ್ಕೆ ಸಾರಿನ ಪಾತ್ರೆಯೇ ಎಂದು ಹಬೀಬಮ್ಮ ತಿರುಗಿ ಕೇಳಿದರು. ದೇವರಾಜ ಚೀಟಿ ಬರೆದ.

ಡಾಕ್ಟರ್ ಭಾರ್ಗವಿಯವರು ಮೇವಿನ ಚೀಲ ಒತ್ತಿ ನೋಡಿ, ತಲೆಕೆಳಗೆ ಮಾಡದ್ದು ಒಳ್ಳೆಯದಾಯಿತು, ಹಾಗೆ ಮಾಡಿದ್ದರೆ ಉಸಿರುಕಟ್ಟಿ ಸಾಯುತ್ತಿತ್ತು ಎಂದರು. ಇದನ್ನು ಕೊಯ್ದೇ ತೆಗೆಯಬೇಕು. ಉಳಿಯುತ್ತದೆಂಬ ಭರವಸೆ ಕೊಡಲಾರೆ ಎಂದೂ ಹೇಳಿದರು. ಹಬೀಬಮ್ಮ ಬುಟ್ಟಿಯ ಅಂಚನ್ನು ಒಂದು ಸಲ ಬಿಗಿಯಾಗಿ ಹಿಡಿದು, ಕೊಯ್ಯಿರಿ ಎಂದರು.

ಮರಗಟ್ಟಿಸುವ ಸೂಜಿ ಚುಚ್ಚಿ, ಗರಿ ಕಿತ್ತು, ಅರ್ಧ ಬೆರಳಿನಷ್ಟು ಕೊಯ್ದು ಡಾಕ್ಟರು ಇಕ್ಕಳದಿಂದ ಎಳೆದಾಗ ಹೊರಬಂದದ್ದು ಹುಲ್ಲಿನ ಜೊತೆ ಹೆಣೆದುಕೊಂಡ ದಾರದ ಉಂಡೆ. ಗಿಳಿಹಸಿರು, ರಾಣಿ ಬಣ್ಣ, ಜರಿ. ಎಲ್ಲವೂ ಹಬ್ಬದ ಹೊಲಿಗೆಯವೇ. ಹಬ್ಬದ ಗಡಿಬಿಡಿಯಲ್ಲಿ ತುಂಡು ದಾರವನ್ನು ಡಬ್ಬಿಗೆ ಹಾಕದೆ ಹಿತ್ತಲಿಗೆ ಗುಡಿಸಿದವರು ಯಾರೆಂದು ಹಬೀಬಮ್ಮನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಅವರ ಕಣ್ಣು ಒದ್ದೆಯಾಯಿತು. ಆದರೂ ಡಾಕ್ಟರು ಒಳಪದರಕ್ಕೆ ಒಂದು ಹೊಲಿಗೆ, ಚರ್ಮಕ್ಕೆ ಇನ್ನೊಂದು ಹೊಲಿಗೆ ಹಾಕುವುದನ್ನು ರೆಪ್ಪೆ ಮಿಟುಕಿಸದೆ ನೋಡಿ, ಲೈನಿಂಗ್ ರವಿಕೆಗೂ ಹೀಗೆಯೇ ಎಂದು ಮೆಚ್ಚಿಕೊಂಡರು. ಐದು ದಿನ ಔಷಧ, ತೆಳು ಗಂಜಿ, ಹೇಂಟೆಗಳ ಸಹವಾಸ ಬೇಡ ಎಂದು ಡಾಕ್ಟರು ಬರೆದುಕೊಟ್ಟರು. ಕೊಕ್ಕರೆ ರೋಗದ ಲಸಿಕೆಯನ್ನು ಹೇಂಟೆಗಳಿಗೆ ಹಾಕಿಸಿಲ್ಲವೆಂದು ಗದರಿದ್ದಕ್ಕೆ ಹಬೀಬಮ್ಮ ಎದುರಾಡಲಿಲ್ಲ.

ಸಂಜೆ ಇಸ್ರಾರ್ ಸ್ಕೂಟರಿನ ಹಿಂದೆ ದೊಡ್ಡ ತಂತಿಯ ಪಂಜರ ಕಟ್ಟಿಕೊಂಡು ಬಂದ. ಹಬೀಬಮ್ಮ ದಾರದ ಉಂಡೆಯನ್ನು ಕಾಗದದ ಮೇಲಿಟ್ಟು ಅವನ ಮುಂದೆ ಹಿಡಿದರು.

"ನೋಡು. ತಪ್ಪು ನನ್ನದು. ನನ್ನ ತಪ್ಪಿಗೆ ಅದರ ಕುತ್ತಿಗೆ ಕೊಯ್ಯಲಿಕ್ಕೆ ಹೊರಟಿದ್ದೆವು."

ಇಸ್ರಾರ್ ಉಂಡೆಯನ್ನು ತಿರುಗಿಸಿ ನೋಡಿದ. ಹೊಲಿಗೆ ಹಾಕಿದ ಕೋಳಿ ಎರಡು ದಿನ ಬಾಳುವುದಿಲ್ಲ ಎಂದು ಅಂದನಾದರೂ ಬೆಳಗಿನ ಗಟ್ಟಿತನ ಆ ಮಾತಿನಲ್ಲಿ ಇರಲಿಲ್ಲ. ಹಬೀಬಮ್ಮ ಸ್ಕೂಟರಿನ ಹಗ್ಗ ತಾವೇ ಬಿಚ್ಚಿ ಪಂಜರವನ್ನು ಇಳಿಸಿದರು. ಸುಲೈಮಾನ್ ಸಾಹೇಬರು ಅದಕ್ಕೆ ಬಿಸಿನೀರು ಹೊಯ್ದು ತೊಳೆದು ಜಗಲಿಯ ಮೇಲಿಟ್ಟರು. ಜಮಾದಾರ ಅದರೊಳಗೆ ಹೋಯಿತು. ಇಸ್ರಾರ್ ಬರಿಗೈಯಲ್ಲಿ ಹೋದ.

ಆರನೆಯ ದಿನ ಪಂಜರ ಕೇಳಿಕೊಂಡು ಅವನು ಮತ್ತೆ ಬಂದಾಗ ಹುಂಜ ಗಂಜಿಯ ತಟ್ಟೆಯನ್ನು ಕುಟ್ಟಿ ಕುಟ್ಟಿ ಬರಿದು ಮಾಡುತ್ತಿತ್ತು. ಅಂಗಡಿಗೆ ತೊಂದರೆಯಾಗುತ್ತಿದೆ ಭಾಬಿ ಎಂದು ಅವನು ಗೋಗರೆದ.

ಹಬೀಬಮ್ಮ ಮಿಷನ್ನಿನಿಂದ ತಲೆ ಎತ್ತಲಿಲ್ಲ. "ಡಾಕ್ಟರು ಹೊಲಿಗೆ ಬಿಚ್ಚಲಿ. ಅಲ್ಲಿವರೆಗೆ ಆ ಪಂಜರ ಜಮಾದಾರನದು."