ಕೈ ಕೆಟ್ಟಿದ್ದಿಲ್ಲ

ಮೊನ್ನೆ ಚಿಕ್ಕೋಡಿಯ ನನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸೋಲ್ಡರಿಂಗ್ ಐರನ್ನಿಗೆ ಹೊಸ ಬಿಟ್, ಅಂದರೆ ಬೆಸುಗೆ ಕರಗಿಸುವ ತುದಿ, ಹಾಕಿದೆ. ಬೆಸುಗೆಯ ತಂತಿ ತಾಗಿಸಿದರೆ ಕರಗಲಿಲ್ಲ. ಅದರೊಳಗಿನ ರಾಳವಷ್ಟೇ ಮೆಲ್ಲಗೆ ಹೊಗೆಯಾಡಿತು. ಆ ಅರೆಬೆಂದ ವಾಸನೆ ಮೂಗಿಗೆ ಬಂದದ್ದೇ, ಬಾಜೂ ಅಂಗಡಿಯ ಕಾಕಾ ನೆನಪಾದರು...

ಕಾಕಾ ಪಂಪ್‌ಸೆಟ್ಟಿನ ಸ್ಟಾರ್ಟರ್ ಬೋರ್ಡುಗಳನ್ನು ರಿಪೇರಿ ಮಾಡುತ್ತಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅಂಗಡಿಯ ಹಿಂದಿನ ಖೋಲಿಯಲ್ಲೇ ಊಟ, ನಿದ್ದೆ. ಮಾತು ಅಂತ ಇದ್ದರೆ ಅದು ಗಿರಾಕಿಗಳ ಜೊತೆ. ಅಥಣಿ, ರಾಯಬಾಗ ಕಡೆಯ ರೈತರು ಬಂದು ಕೂತರೆ ಕಬ್ಬು, ಮಳೆ, ಮೋಟಾರು ಎನ್ನುತ್ತಾ ಮರಾಠಿ, ಕನ್ನಡ ಎರಡೂ ಬೆರೆಸಿ ಹರಟುತ್ತಿದ್ದರು. ಗಿರಾಕಿ ಎದ್ದುಹೋದರೆ ಅಂಗಡಿ ಥಟ್ಟನೆ ಮೂಕವಾಗುತ್ತಿತ್ತು.

ನಾನು ಕೆಲಸ ಶುರು ಮಾಡಿದ ಹೊಸತರಲ್ಲಿ ನನ್ನ ಬಿಟ್ ಕರ್ರಗಾಗಿ, ಬೆಸುಗೆ ಹತ್ತದೆ ಉರುಳಿ ಬೀಳುತ್ತಿತ್ತು. ಅರ ಹಿಡಿದು ಉಜ್ಜಲು ಹೊರಟಿದ್ದೆ. ಕಾಕಾ ಬಂದು ಕೈ ಹಿಡಿದರು.

“ತಿಕ್ಕಬ್ಯಾಡ ತಂಗಿ, ಮ್ಯಾಲಿನ ಪದರ ಹೋದ್ರ ಬೆಸುಗಿ ಒಳಗಿನ ತಾಮ್ರಾನ ತಿಂದ್ಹಾಕತೈತಿ. ಕೆಲಸ ಮುಗದ ಮ್ಯಾಲ ಒದ್ದಿ ಸ್ಪಂಜಿಗೆ ಒರಸು, ಬೆಸುಗಿ ಲೀಡ್ ಸವರು, ಆಮ್ಯಾಲ ಬಂದ್ ಮಾಡು. ಬರೇ ಮೈಲೆ ಬಿಡಬಾರ್ದು ಅದನ್ನ.”

ಅದನ್ನು ಇವತ್ತಿಗೂ ತಪ್ಪಿಸಿಲ್ಲ.

ಒಂದು ವರ್ಷ ಕಾಕಾ ಹಳೆಯ ಐರನ್ ಬಿಟ್ಟು, ಬಿಸಿ ಎಷ್ಟೆಂದು ಅಂಕಿ ತೋರಿಸುವ ಹೊಸದನ್ನು ಕೊಂಡರು. ಬಿಟ್ ಸವೆದಾಗ ಅಂಥದ್ದೇ ಕಾಣುವ ಇನ್ನೊಂದನ್ನು ಸಂತೆಯಲ್ಲಿ ತಂದು ಹಾಕಿದರು. ಆಮೇಲೆ ರಿಪೇರಿ ಮಾಡಿಕೊಟ್ಟ ಬೋರ್ಡುಗಳು ಒಂದೊಂದಾಗಿ ವಾಪಸು ಬರತೊಡಗಿದವು. ಬೆಸುಗೆ ಮಂಕಾಗಿ, ಮುಟ್ಟಿದರೆ ಬಿರಿಯುತ್ತಿತ್ತು. ಕಾಕಾ ಅಂಕಿ ನೋಡುತ್ತಿದ್ದರು, ಅದು ಸರಿಯಾಗೇ ಇರುತ್ತಿತ್ತು. ಮತ್ತೆ ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು.

ರಾಯಬಾಗ ಕಡೆಯ ಹಳೇ ಗಿರಾಕಿಯೊಬ್ಬರು ಒಂದು ದಿನ ಸಿಟ್ಟಿಲ್ಲದೆ, ಕನಿಕರದಿಂದಲೇ ಅಂದರು. “ವಯಸ್ಸಾತ್ರಿ ಕಾಕಾ, ಇನ್ನ ಆರಾಮ ಮಾಡ್ರಿ.”

ಕಾಕಾ ತಲೆಯಾಡಿಸಿದರು. ಆಮೇಲೆ ಗಿರಾಕಿಗಳು ಕಡಿಮೆಯಾದರು, ಮಾತೂ ಹೋಯಿತು. ಖಾಲಿ ಟೇಬಲ್ಲಿನ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ನಾನು ಚಹಾ ಕೊಟ್ಟರೆ ಆರುವವರೆಗೂ ಹಿಡಿದುಕೊಂಡೇ ಇರುತ್ತಿದ್ದರು... ಕೊನೆಗೊಂದು ಮುಂಜಾನೆ ಐರನ್ ನನ್ನ ಕೈಗಿಟ್ಟು, “ನೀನ ಇಟ್ಕೊ. ನನ್ನ ಕೈ ಕೆಟ್ಟಾವ” ಎಂದು ಮಂಗಸೂಳಿ ಎಂಬ ಊರಲ್ಲಿದ್ದ ತಂಗಿಯ ಮನೆಗೆ ಹೊರಟುಹೋದರು.

ಕೆಲವು ತಿಂಗಳ ನಂತರ ನನ್ನ ಐರನ್ ಸುಟ್ಟುಹೋಗಿ, ಅವರದನ್ನು ತೆಗೆದೆ. ನನಗೂ ಬೆಸುಗೆ ಸರಿಯಾಗಿ ಕರಗಲಿಲ್ಲ, ರಾಳದ ಅರೆಬೆಂದ ವಾಸನೆಯಷ್ಟೇ ಎದ್ದಿತು. ಬಿಚ್ಚಿ ನೋಡಿದರೆ ಆ ಬಿಟ್ಟಿನ ತೂತು ದೊಡ್ಡದು. ಒಳಗೆ ಕಾಯುವ ಕಡ್ಡಿಗೆ ಅದು ತಾಗುತ್ತಲೇ ಇರಲಿಲ್ಲ. ಅಂಕಿ ತೋರಿಸುತ್ತಿದ್ದದ್ದು ಕಡ್ಡಿಯ ಬಿಸಿ. ತುದಿಯವರೆಗೆ ಅದು ಬರುತ್ತಿರಲಿಲ್ಲ.

ಸರಿಯಾದ ಬಿಟ್ ಹಾಕಿ, ಒಂದು ಹಳೇ ಬೋರ್ಡಿನ ಜೊತೆ ಕಟ್ಟಿಕೊಂಡು ಬಸ್ ಹತ್ತಿದೆ. ಕಾಕಾ ತಂಗಿಯ ಮನೆಯ ಪಡಸಾಲೆಯಲ್ಲಿ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿ ಐರನ್ ಕೊಟ್ಟೆ. ಒಂದು ಜೋಡಣೆಗೆ ಬೆಸುಗೆ ಹಾಕಿದರು. ತೊಟ್ಟು ಸ್ವಲ್ಪ ಸೊಟ್ಟಗಿತ್ತು, ಆದರೆ ಹೊಳೆಯುತ್ತಿತ್ತು. ಬಹಳ ಹೊತ್ತು ಅದನ್ನೇ ನೋಡಿದರು.

“ಹಂಗಾದ್ರ ಅವತ್ತ ನನ್ನ ಕೈ ಕೆಟ್ಟಿದ್ದಿಲ್ಲ.”

“ಇಲ್ರಿ ಕಾಕಾ. ನಡೀರಿ ಚಿಕ್ಕೋಡಿಗೆ, ಅಂಗಡಿ ತಗಿಯೂಣು.”

ಅವರು ಐರನ್ ಕೆಳಗಿಟ್ಟು ಬಲಗೈಯನ್ನು ನನ್ನ ಮುಂದೆ ಚಾಚಿದರು. ಬೆರಳುಗಳು ಸಣ್ಣಗೆ ಅದುರುತ್ತಿದ್ದವು.

“ಆಗ ನಡಗತಿದ್ದಿಲ್ಲ ತಂಗಿ. ಕೆಲಸ ಬಿಟ್ಟ ಮ್ಯಾಲ ಚಾಲೂ ಆತು.”

ಅವರೇ ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದರು. ಮುಂದಿನ ಮಳೆಗಾಲದಲ್ಲಿ ತೀರಿಕೊಂಡರಂತೆ. ಆ ಕಡೆಯ ಗಿರಾಕಿಯೊಬ್ಬ ಮಾತಿನ ನಡುವೆ ಹೇಳಿದಾಗಲೇ ನನಗೆ ಗೊತ್ತಾದದ್ದು.

ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ. ಇಡೀ ದಿನ ಗದ್ದಲ. ನನಗೂ ಕೈತುಂಬ ಕೆಲಸವಿದೆ. ಕೆಲವೊಮ್ಮೆ ಕಷ್ಟದ ಬೋರ್ಡೊಂದು ಜೀವ ಹಿಡಿದಾಗ, ಅದನ್ನು ಕೈಯಲ್ಲಿ ಹಿಡಿದುಕೊಂಡು ಎದ್ದು ಬಾಗಿಲವರೆಗೆ ಹೋಗಿಬಿಡುತ್ತೇನೆ. ತೋರಿಸಲು ಯಾರೂ ಇಲ್ಲವೆಂದು ಅಲ್ಲಿ ನಿಂತ ಮೇಲೆ ನೆನಪಾಗುತ್ತದೆ.