ಸೂಜಿನ್ ಕೈಗೆ ಕೊಟ್ಟ ಪಂಚಾಂಗ

ಸೂಜಿನ್ ಮೇಲೆ ವಿಶಾಲಾಕ್ಷಿಗೆ ಮೊದಲಿನಿಂದಲೂ ಗುಮಾನಿ. ಲಂಡನ್ನಿನ ನ್ಯೂ ಮಾಲ್ಡನ್‌ನ ಆ ಕೊರಿಯಾದ ಹೆಂಗಸು ಹಳೇ ಪುಸ್ತಕದ ಹಾಳೆ ಸೀಳಿ, ಬತ್ತಿಯಂತೆ ಹೊಸೆದು, ಆ ಹುರಿಯಿಂದ ಬುಟ್ಟಿ, ತಟ್ಟೆ ಹೆಣೆಯುತ್ತಿದ್ದಳು. ಅದು ಅವಳ ಅಜ್ಜಿಯ ಕಾಲದ ಕಸುಬಂತೆ. ಅದಕ್ಕೆ ಮರ ಕೆತ್ತಿ ಜೋಡಿಸುವುದು ಇವಳ ಹೊಸ ವರಸೆ. ಕಲೆಯೇ ಇರಬಹುದು, ಆದರೆ ಅಕ್ಷರ ಸೀಳುವ ಕೈಯನ್ನು ನಂಬುವುದು ಹೇಗೆ?

ಆದರೂ ಸಟನ್‌ನ ಮನೆ ಮಾರಿ ಫ್ಲ್ಯಾಟಿಗೆ ಹೊರಟಾಗ ಬೇರೆ ಗತಿಯಿರಲಿಲ್ಲ. ಗಂಡ ಡಾಕ್ಟರ್ ಸತ್ಯಪ್ರಕಾಶ ತೀರಿಕೊಂಡು ವರ್ಷವಾಗಿತ್ತು. ಅವರು ಮೈಸೂರಿನಿಂದ ತರಿಸಿ, ಆಸ್ಪತ್ರೆಗೆ ಹೊರಡುವ ಮುನ್ನ ದಿನವೂ ತಿಥಿ ನೋಡುತ್ತಿದ್ದ ಪಂಚಾಂಗಗಳು ಅಟ್ಟದಲ್ಲಿದ್ದವು. ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಕಾಗದವನ್ನು ಕೌನ್ಸಿಲ್ ಕೊಟ್ಟ ಕಸದ ಬಿನ್ನಿಗೆ ಹಾಕುವುದುಂಟೆ?

“ಅಮ್ಮಾ, ಜಸ್ಟ್ ರಿಸೈಕಲ್ ಇಟ್,” ಎಂದಳು ಮಗಳು ಮಾನ್ಯಾ.

“ಹಂಗೇ ನಿಮ್ಮಪ್ಪನ್ನೂ ರಿಸೈಕಲ್ ಮಾಡ್ಬಿಡ್ಲಾ?”

ವಿಶಾಲಾಕ್ಷಿ ಅವನ್ನು ಕೈಗೆ ಸಿಕ್ಕ ಡಬ್ಬಿಗೆ ತುಂಬಿ, “ಏನಾದ್ರೂ ಒಳ್ಳೇದು ಮಾಡು” ಎಂದು ಸೂಜಿನ್‌ಗೆ ಕೊಟ್ಟು ಬಂದಳು.

ಮನಸ್ಸು ಕೇಳಬೇಕಲ್ಲ. ಕೆಲವು ದಿನ ಬಿಟ್ಟು, ಅಲ್ಲಿನ ಕೊರಿಯಾದ ಅಂಗಡಿಯಲ್ಲಿ ಮೂಲಂಗಿ ಕೊಳ್ಳುವ ನೆಪದಲ್ಲಿ ಹೋಗಿ ಸೂಜಿನ್ ಕಾರ್ಯಾಗಾರದ ಕಿಟಕಿಯಲ್ಲಿ ಇಣುಕಿದಳು. ಮೇಜಿನ ಮೇಲೆ ಪಾದದಾಕಾರದ ಎರಡು ಮರದ ತುಂಡು! ಸೂಜಿನ್ ಇವಳನ್ನು ಕಂಡವಳೇ ಸರಕ್ಕನೆ ಬಟ್ಟೆ ಮುಚ್ಚಿದಳು. ಚಪ್ಪಲಿ! ಯಾರೋ ಗಂಡನ ಪಂಚಾಂಗ ತುಳಿದುಕೊಂಡು ಓಡಾಡುತ್ತಾರೆ. ಸಿಟ್ಟು ನೆತ್ತಿಗೇರಿ ಒಳನುಗ್ಗಿದಳು.

“ಬಟ್ಟೆ ತೆಗಿ.”

ಸೂಜಿನ್ ಅಳುಕುತ್ತಲೇ ತೆಗೆದಳು. ಮರದ ಅಟ್ಟೆ, ಮೇಲೆ ಕಾಗದದ ಹುರಿಯ ಅರೆಬರೆ ಹೆಣಿಗೆ, ಅಲ್ಲಲ್ಲಿ ಕನ್ನಡ ಅಕ್ಷರ. ಶೂಗಳೇ.

“ಇದು ಯಾರ ಕಾಲಿಗೆ?” ವಿಶಾಲಾಕ್ಷಿ ಕೇಳಿದಳು.

ಸೂಜಿನ್ ಮೂಲೆಯಿಂದ ಡಬ್ಬಿ ತಂದಿಟ್ಟಳು. ಅದು ಸತ್ಯಪ್ರಕಾಶರ ಶೂ ಡಬ್ಬಿ. ಬದಿಯಲ್ಲಿ ಅಳತೆ ಅಚ್ಚಾಗಿತ್ತು, ಹನ್ನೊಂದು.

“ನೀವೇ ಇದ್ರಲ್ಲಿ ತಂದ್ರಿ. ನಮ್ಮಲ್ಲಿ ಹಿಂದೆ ಕಾಗದದ ಶೂ ಮಾಡ್ತಿದ್ರು. ಅಳತೆ ನೋಡಿ, ತೀರ್ಕೊಂಡ ನಿಮ್ಮ ಯಜಮಾನ್ರ ನೆನಪಿಗೇ ಬೇಕು, ನಿಮಗೆ ಬಾಯಿಬಿಟ್ಟು ಹೇಳಕ್ಕಾಗ್ತಿಲ್ಲ ಅನ್ಕೊಂಡೆ. ಮುಗಿಯೋ ಮುಂಚೆ ತೋರಿಸೋದು ಬೇಡ ಅಂತ ಮುಚ್ಚಿದೆ.”

ಪಂಚಾಂಗವನ್ನು ಶೂ ಡಬ್ಬಿಗೆ ತುರುಕಿದವಳು ತಾನೇ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಬಗ್ಗಿ ಎರಡೂ ಶೂ ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ಪೂರ್ತಿ ಮಾಡು. ಎಡಗಾಲು ಮಾತ್ರ ಚೂರು ಸಡಿಲ ಇರ್ಲಿ,” ಎಂದಳು. “ಅವರಿಗೆ ಅಲ್ಲಿ ಒತ್ತೋದು.”