ಗ್ಲೌಸು ಅಳೆದ ಕೈ

ಯಶವಂತ, ಮಾನಸ, ಹೋದ ವಾರ ಮೇಲೂರಿನಿಂದ ಬರುವಾಗ ಬಸ್ಸಿನೊಳಕ್ಕೆ ರೇಷ್ಮೆ ಗೂಡು ಬೇಯಿಸುವ ವಾಸನೆ ಬಂತು, ನೀವಿಬ್ಬರೂ ಮೂಗು ಮುಚ್ಚಿಕೊಂಡಿರಿ. ಈ ಅಜ್ಜಿಗೆ ಪಕ್ಕದ ಮನೆಯ ಅಕ್ಕ ನೆನಪಾದಳು. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಮ್ಮ ಹೈಸ್ಕೂಲಿನಲ್ಲಿದ್ದ ಕಾಲ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಒಂದು ಕಾರ್ಖಾನೆಯಲ್ಲಿ ಅಕ್ಕನೂ ನಾನೂ ಬಿಸಿನೀರಿನ ತೊಟ್ಟಿಯ ಮುಂದೆ ಜೊತೆಯಲ್ಲಿ ನಿಲ್ಲುತ್ತಿದ್ದೆವು. ಇಪ್ಪತ್ತು ವರ್ಷ ಆ ನೀರಿನಲ್ಲಿ ಅದ್ದಿ ಅವಳ ಬಲಗೈಯ ಮೂರು ಬೆರಳು ಕೊಕ್ಕೆಯಂತೆ ಬಾಗಿದ್ದವು. ನೀರಿಲ್ಲದ ಕಡೆ, ಒಳ್ಳೆಯ ಗೂಡು ಆರಿಸುವ ಮೇಜಿಗೆ ಹಾಕಿ ಎಂದು ಮಾಲೀಕರನ್ನು ಎಷ್ಟು ಸಲ ಬೇಡಿದ್ದಳೋ...

ಆಗ ಒಬ್ಬ ಕಾಲೇಜು ಮೇಷ್ಟ್ರು ವೈರುಗಳಿದ್ದ ಗ್ಲೌಸು, ಕಂಪ್ಯೂಟರು ಹಿಡಿದು ಬಂದರು. ಬೆರಳು ಎಷ್ಟು ಬಾಗಿದೆಯೆಂದು ಗ್ಲೌಸು ಅಳೆಯುತ್ತದಂತೆ. ಬೆರಳು ಹೆಚ್ಚು ಬಾಗಿದವರನ್ನು ಆ ಮೇಜಿಗೆ ಹಾಕುತ್ತೇನೆಂದು ಮಾಲೀಕರು ಒಪ್ಪಿದರು. ಮೊದಲು ನೆಟ್ಟಗಿರುವ ಕೈ ಯಾವುದೆಂದು ಗ್ಲೌಸಿಗೆ ಕಲಿಸಬೇಕಿತ್ತು. ಒಬ್ಬೊಬ್ಬರೂ ಅದನ್ನು ತೊಟ್ಟು ಮೇಜಿನ ಮೇಲೆ ಅಂಗೈ ಚಾಚಿ ಒತ್ತಬೇಕು, ಮೇಷ್ಟ್ರು ಗುಂಡಿ ಅಮುಕುತ್ತಾರೆ. ಅದೇ ಸೊನ್ನೆ, ಬಾಗಿದ ಲೆಕ್ಕ ಅಲ್ಲಿಂದ ಶುರು.

ಅಕ್ಕನ ಬೆರಳು ಮೇಜಿಗೆ ತಾಗಲೇ ಇಲ್ಲ. ಕೆಳಗೆ ಒಂದು ನಿಂಬೆಹಣ್ಣು ಇಡುವಷ್ಟು ಸಂದು.

"ಇನ್ನೂ ಒತ್ತಮ್ಮ."

"ಇಷ್ಟೇ ಸಾಮಿ. ನನ್ನಂಗೇ ಮೊಂಡು, ಮಲ್ಕೊ ಅಂದ್ರೆ ಮಲ್ಕೊಳಲ್ಲ."

"ಪರವಾಗಿಲ್ಲ ಬಿಡಿ" ಎಂದು ಗುಂಡಿ ಅಮುಕಿಬಿಟ್ಟರು. ಅವರಿಗೆ ಚಿಕ್ಕಬಳ್ಳಾಪುರದ ಬಸ್ಸು ಹಿಡಿಯುವ ಆತುರ.

ಆಮೇಲೆ ಗಾಳಿಯಲ್ಲಿ ಕೈ ಚಾಚಿಸಿದರು. ಪರದೆಯ ಮೇಲೆ ಅವಳ ಬೆರಳು ನೆಟ್ಟಗೆ ನಿಂತಿದ್ದವು! ಬಾಗಿದ್ದನ್ನೇ ಸೊನ್ನೆಯೆಂದು ಕಲಿತ ಗ್ಲೌಸು ಇನ್ನೇನು ತೋರಿಸೀತು? "ನೋಡೇ, ಮದ್ವೆ ಹೆಣ್ಣಿನ ಕೈ!" ಎಂದು ಅಕ್ಕ ನಕ್ಕಳು. ನನಗೆ ತಪ್ಪು ಗೊತ್ತಾಗಿತ್ತು. ಅಷ್ಟು ಜನರ ಮುಂದೆ ಬಾಯಿ ಬರಲಿಲ್ಲ... ನನ್ನ ಕೈ ಮೇಜಿನ ಮೇಲೆ ಸರಿಯಾಗಿ ಕೂತಿತ್ತು, ಗಾಳಿಯಲ್ಲಿ ಕಿರುಬೆರಳು ಚೂರು ಬಾಗಿತು. ಮೇಜಿಗೆ ಹಾಕುವವರ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಅವಳದು ಬರಲಿಲ್ಲ.

"ಕೈ ನೆಟ್ಟಗೈತಂತಲ್ಲಮ್ಮ, ಇಷ್ಟು ದಿನ ನಾಟ್ಕ ಆಡ್ತಿದ್ದಾ?" ಎಂದರು ಮಾಲೀಕರು.

ಕಣ್ಣಿರಲಿಲ್ಲವೇ ಅವರಿಗೆ? ಎದುರಿಗಿದ್ದ ಕೈ ಬಿಟ್ಟು ಕಾಗದ ನೋಡಿದರಲ್ಲ! ಓದಿದ ಆ ಮೇಷ್ಟ್ರಿಗೂ ಇರಲಿಲ್ಲವೇ? ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಎಲ್ಲರಿಗಿಂತ ಹೆಚ್ಚು ಸಿಟ್ಟು ನನ್ನ ಮೇಲೆ. ಅವಳ ಕೈ ಬೇಯುತ್ತಿದ್ದರೆ ನಾನು ಒಣಗಿದ ಕೈಯಲ್ಲಿ ಗೂಡು ಆರಿಸಿದೆ. "ನೀನಾದ್ರೂ ಬಚಾವಾದೆ ಬಿಡೇ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎರಡು ವರ್ಷಕ್ಕೆ ಆ ಬೆರಳುಗಳಿಗೆ ನೂಲಿನ ಎಳೆ ಸಿಗದಾಯಿತು. ಕೆಲಸ ಬಿಡಿಸಿದರು. ಮುದ್ದೆ ಮುರಿಯಲು ಮಗಳು ಬೇಕಾದಳು. ಈಗ ಅವಳೇ ಇಲ್ಲ.

ಆ ಮೇಷ್ಟ್ರ ಯಾವುದೋ ಪುಸ್ತಕದಲ್ಲಿ ಅವಳ ಕೈ ಇನ್ನೂ ನೆಟ್ಟಗಿರಬೇಕು. ಅದು ಸುಳ್ಳು. ಬಾಗಿತ್ತು, ನಾನು ಕಂಡಿದ್ದೇನೆ. ಹಾಗೆಂದು ಬರೆದಿರುವುದು ಈ ಹಾಳೆಗಳಲ್ಲಿ ಮಾತ್ರ. ಕಳೆಯಬೇಡಿ ಮಕ್ಕಳೇ.